ಧ್ಯಾನಸಾಧನೆಯ ಕಷ್ಟವೂ ಫಲವೂ

(ಶತಮಾನೋತ್ಸವದ ಅಂಗವಾಗಿ ನಮ್ಮ ದೇವಾಲಯದಲ್ಲಿ ಜರುಗಿದ ಧ್ಯಾನಕೂಟದಲ್ಲಿ ಮಾಡಿದ ಉಪನ್ಯಾಸ)



ನಮ್ಮ ಈ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಸಂತೋಷದಲ್ಲಿ ನಾವೆಲ್ಲರೂ ಇದ್ದೇವೆ. ಈ ನೂರು ವರ್ಷಗಳಲ್ಲಿ ಇಲ್ಲಿ ನಡೆದ ಜ್ಞಾನಸ್ನಾನಗಳೆಷ್ಟು, ವಿವಾಹಗಳೆಷ್ಟು, ಮಣ್ಣಿಗೆ ಸೇರಿಸಿದ ಹಿರಿಯರೆಷ್ಟು ಮಂದಿ ಎಂಬುದನ್ನೆಲ್ಲ ಗುರುಮನೆಯ ದಫ್ತರಗಳು ಹೇಳುತ್ತವೆ. ಆದರೆ ಯಾವ ದಫ್ತರದಲ್ಲಿಯೂ ಬರೆದಿಡದ ಒಂದು ಸಂಗತಿ ಇದೆ. ಬೆಳಗಿನ ಪೂಜೆಯ ಗಂಟೆ ಹೊಡೆಯುವುದಕ್ಕೆ ಮೊದಲೇ ಬಂದು, ಯಾರೊಂದಿಗೂ ಮಾತನಾಡದೆ, ತುಟಿಯನ್ನೂ ಅಲುಗಿಸದೆ, ಪರಮ ಪ್ರಸಾದದ ಪೆಟ್ಟಿಗೆಯ ಮುಂದೆ ಸುಮ್ಮನೆ ಕುಳಿತು ಹೋದವರು ಪ್ರತಿ ತಲೆಮಾರಿನಲ್ಲಿಯೂ ಇದ್ದರು. ಅವರು ಎಷ್ಟು ಹೊತ್ತು ಕುಳಿತಿದ್ದರು, ಅಲ್ಲಿ ಏನು ಪಡೆದರು ಎಂಬುದಕ್ಕೆ ಲೆಕ್ಕವಿಲ್ಲ. ಈ ದೇವಾಲಯ ನೂರು ವರ್ಷ ನಿಂತಿರುವುದಕ್ಕೆ ಕಲ್ಲುಗಾರೆಗಳಷ್ಟೇ ಆ ಮೌನವೂ ಕಾರಣವೆಂದು ನಾನು ನಂಬಿದ್ದೇನೆ.

ಆ ಮೌನವನ್ನು ಕುರಿತು, ಅಂದರೆ ಧ್ಯಾನಸಾಧನೆಯನ್ನು ಕುರಿತು ಮಾತನಾಡಬೇಕೆಂದು ಗುರುಗಳು ನನಗೆ ಅಪ್ಪಣೆ ಕೊಡಿಸಿದ್ದಾರೆ. ನಾನು ಗುರುವಲ್ಲ, ಸನ್ಯಾಸಿಯಲ್ಲ. ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ಒಬ್ಬ ಸಂಸಾರಿ. ಆದುದರಿಂದ ಈ ದಾರಿಯ ಕೊನೆ ಮುಟ್ಟಿದವನಂತೆ ನಾನು ಮಾತನಾಡಲಾರೆ. ದಾರಿಯಲ್ಲಿ ಎಡವಿದವನಂತೆ, ಕೆಲವು ಕಾಲ ದಾರಿಯನ್ನೇ ಬಿಟ್ಟು ಹೋಗಿದ್ದವನಂತೆ ಮಾತ್ರ ಮಾತನಾಡಬಲ್ಲೆ.

ಮೊದಲು ಧ್ಯಾನವೆಂದರೇನು ಎಂಬುದನ್ನು ನೋಡೋಣ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಪ್ರಾರ್ಥನಾ ಜೀವನದ ಮೂರು ರೂಪಗಳನ್ನು ಗುರುತಿಸುತ್ತದೆ: ಬಾಯಿಂದ ಹೇಳುವ ಪ್ರಾರ್ಥನೆ, ಧ್ಯಾನ, ಮತ್ತು ಮಾತೂ ಆಲೋಚನೆಯೂ ಅಡಗಿ ದೇವರ ಸನ್ನಿಧಿಯಲ್ಲಿ ಪ್ರೀತಿಯಿಂದ ನೆಲೆನಿಲ್ಲುವ ಅಂತರ್ದರ್ಶನದ ಪ್ರಾರ್ಥನೆ. ಇವು ಒಂದಕ್ಕೊಂದು ವಿರೋಧವಲ್ಲ. ಜಪಸರವನ್ನು ಭಕ್ತಿಯಿಂದ ಹೇಳುವ ನಮ್ಮ ತಾಯಂದಿರು ಬೆರಳಿನಲ್ಲಿ ಮಣಿಯನ್ನೂ ಬಾಯಲ್ಲಿ ಮಂತ್ರವನ್ನೂ ಮನಸ್ಸಿನಲ್ಲಿ ಯೇಸುಸ್ವಾಮಿಯ ಜೀವನರಹಸ್ಯವನ್ನೂ ಇಟ್ಟುಕೊಂಡಿರುತ್ತಾರೆ. ಅದೇ ಧ್ಯಾನದ ಆರಂಭ. ಕುರುಬರು ಬಂದು ಹೇಳಿದ ಮಾತುಗಳನ್ನೆಲ್ಲ ಮಾತೆ ಮರಿಯಮ್ಮನವರು ಹೃದಯದಲ್ಲಿಟ್ಟುಕೊಂಡು ಮನನ ಮಾಡುತ್ತಿದ್ದರೆಂದು ಸಂತ ಲೂಕರು ಬರೆದಿದ್ದಾರೆ. ಧ್ಯಾನಕ್ಕೆ ಇದಕ್ಕಿಂತ ಉತ್ತಮವಾದ ವಿವರಣೆಯನ್ನು ನಾನು ಕಂಡಿಲ್ಲ.

ಧ್ಯಾನವು ಮಠವಾಸಿಗಳಿಗೆ ಮಾತ್ರ ಎಂಬ ಭಾವನೆ ನಮ್ಮಲ್ಲಿ ಬಹಳ ಮಂದಿಗೆ ಇದೆ. ಧರ್ಮಸಭೆಯ ಸಂತರು ಇದನ್ನು ಒಪ್ಪಲಿಲ್ಲ. ಜಿನೀವಾದ ಬಿಷಪರಾಗಿದ್ದ ಸಂತ ಫ್ರಾನ್ಸಿಸ್ ಸಾಲೆಸರು 1609ರಲ್ಲಿ ಪ್ರಕಟಿಸಿದ ಭಕ್ತಿಜೀವನದ ಪ್ರವೇಶಿಕೆಯನ್ನು ಬರೆದದ್ದೇ ಸಂಸಾರದಲ್ಲಿ, ವ್ಯವಹಾರದಲ್ಲಿ, ಅರಮನೆಯ ಸೇವೆಯಲ್ಲಿ ಇದ್ದ ಗೃಹಸ್ಥರಿಗಾಗಿ. ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸರ ಆಧ್ಯಾತ್ಮಿಕ ಸಾಧನೆಗಳ ಗ್ರಂಥಕ್ಕೆ 1548ರಲ್ಲಿ ಪೋಪ್ ಮೂರನೆಯ ಪೌಲರ ಅನುಮೋದನೆ ದೊರೆಯಿತು. ಪೂರ್ಣ ಸಾಧನೆಗೆ ಸುಮಾರು 30 ದಿನಗಳ ಏಕಾಂತ ಬೇಕು. ಆದರೆ ಕೆಲಸಕಾರ್ಯಗಳನ್ನು ಬಿಟ್ಟು ಬರಲಾಗದವರು ಪ್ರತಿದಿನ ಒಂದೂವರೆ ತಾಸನ್ನು ಮೀಸಲಿಟ್ಟು ಮನೆಯಲ್ಲಿದ್ದುಕೊಂಡೇ ಇದನ್ನು ಮಾಡಬಹುದೆಂದು ಅವರು ಅದೇ ಗ್ರಂಥದ ಪೀಠಿಕೆಯಲ್ಲಿ ದಾರಿ ತೋರಿಸಿದ್ದಾರೆ. ಸಂಸಾರಿಗೆ ಧ್ಯಾನ ಏಕೆ ಎಂಬ ಪ್ರಶ್ನೆಗೆ ಸುಮಾರು ಐದು ಶತಮಾನಗಳ ಹಿಂದೆಯೇ ಉತ್ತರ ದೊರೆತಿದೆ.

ನಮ್ಮ ನಾಡಿನಲ್ಲಂತೂ ಧ್ಯಾನವೆಂಬ ಮಾತು ಯಾರಿಗೂ ಹೊಸದಲ್ಲ. ಇಂಗ್ಲೆಂಡಿನ ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸರು 1955ರಲ್ಲಿ ಭಾರತಕ್ಕೆ ಬಂದು ಮೊದಲು ನೆಲೆಸಿದ್ದು ಬೆಂಗಳೂರಿನ ಬಳಿಯ ಕೆಂಗೇರಿಯಲ್ಲಿ. ಅನಂತರ ಅವರು ಕೇರಳದ ಕುರಿಸುಮಲೆಗೂ, 1968ರಲ್ಲಿ ತಮಿಳುನಾಡಿನ ಕಾವೇರಿ ತೀರದ ಶಾಂತಿವನಕ್ಕೂ ಹೋದರು. ಮೈಸೂರಿನಲ್ಲಿ ಫಾದರ್ ಅಮಲೋರ್ಪವದಾಸರು ಸ್ಥಾಪಿಸಿದ ಅಂಜಲಿ ಆಶ್ರಮವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೆಲದ ಮೇಲೆ ಕುಳಿತು ಉಸಿರನ್ನು ನಿಧಾನಗೊಳಿಸಿ ಮೌನವಾಗಿರುವುದು ನಮಗೆ ಪರಕೀಯವಲ್ಲವೆಂದು ಇವರೆಲ್ಲ ತೋರಿಸಿಕೊಟ್ಟರು. ಅದೇ ವೇಳೆ, ವಿಶ್ವಾಸದ ಸಿದ್ಧಾಂತ ಮಂಡಲಿಯು 1989ರ ಅಕ್ಟೋಬರ್ 15ರಂದು ಕ್ರೈಸ್ತ ಧ್ಯಾನವನ್ನು ಕುರಿತು ಬಿಷಪರಿಗೆ ಬರೆದ ಪತ್ರದಲ್ಲಿ ಒಂದು ಎಚ್ಚರಿಕೆಯನ್ನೂ ಕೊಟ್ಟಿತು. ಆಸನವಾಗಲಿ ಉಸಿರಾಗಲಿ ನೆರವು ಮಾತ್ರ. ಅದರಿಂದ ದೊರೆಯುವ ಶಾಂತಿಯನ್ನೇ ದೇವರ ಕೃಪೆಯೆಂದು ಭ್ರಮಿಸಬಾರದು. ಕ್ರೈಸ್ತನ ಧ್ಯಾನ ಎಂದೆಂದಿಗೂ ಒಬ್ಬ ವ್ಯಕ್ತಿಯೊಡನೆ, ಜೀವಂತ ದೇವರೊಡನೆ ಆಗುವ ಭೇಟಿ. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಕ್ರಮವು ಬಹಳ ಸರಳವಾದುದು. ದಿನವೂ ಒಂದೇ ಹೊತ್ತು, ಒಂದೇ ಸ್ಥಳ. ಬೆನ್ನು ನೆಟ್ಟಗೆ, ದೇಹ ಸಡಿಲ. ಶುಭಸಂದೇಶದ ಒಂದು ಸಣ್ಣ ಭಾಗವನ್ನು ಓದಿ, ಆ ಘಟನೆಯ ಒಳಗೆ ತಾನೂ ಒಬ್ಬನಾಗಿ ನಿಲ್ಲುವುದು ಸಂತ ಇಗ್ನೇಷಿಯಸರ ಒಂದು ಮಾರ್ಗ. ಅವರು ಹೇಳಿಕೊಟ್ಟ ಇನ್ನೊಂದು ಮಾರ್ಗದಲ್ಲಿ ಪರಲೋಕ ಮಂತ್ರದ ಒಂದೊಂದು ಪದವನ್ನು ಒಂದೊಂದು ಉಸಿರಿಗೆ ಕೂಡಿಸಿ, ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ನಡುವೆ ಆ ಪದದ ಅರ್ಥವನ್ನೋ ಅದನ್ನು ಯಾರಿಗೆ ಹೇಳುತ್ತಿದ್ದೇವೋ ಅವರನ್ನೋ ನೆನೆಯುವುದು. ಇದಕ್ಕಿಂತಲೂ ಹಳೆಯದು ಈಜಿಪ್ಟಿನ ಮರುಭೂಮಿಯ ತಪಸ್ವಿಗಳ ಪದ್ಧತಿ. ಅವರ ಉಪದೇಶವನ್ನು ಐದನೆಯ ಶತಮಾನದಲ್ಲಿ ಬರೆದಿಟ್ಟ ಸಂತ ಜಾನ್ ಕ್ಯಾಸಿಯನರು, ದೇವರ ನೆರವನ್ನು ಬೇಡುವ 70ನೆಯ ಕೀರ್ತನೆಯ ಮೊದಲ ಮೊರೆಯನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ಹೇಳಿಕೊಳ್ಳಲು ಕಲಿಸಿದರು. ಕ್ರಮವನ್ನು ಕಲಿಯಲು ಒಂದು ಸಂಜೆ ಸಾಕು. ಆ ಕ್ರಮದಲ್ಲಿ ನಿಲ್ಲಲು ಒಂದು ಆಯುಸ್ಸು ಬೇಕು. ಏಕೆಂದರೆ ಕುಳಿತ ಮರುಗಳಿಗೆಯಿಂದಲೇ ಕಷ್ಟಗಳು ಪ್ರಾರಂಭವಾಗುತ್ತವೆ.

ಮೊದಲನೆಯ ಕಷ್ಟ ಮನಸ್ಸಿನ ಪರಾಕು. ಕಣ್ಣು ಮುಚ್ಚಿದೊಡನೆ ಕಟ್ಟಬೇಕಾದ ಶುಲ್ಕ, ಮಾಡಿಸಬೇಕಾದ ಸೂರು, ನಿನ್ನೆ ಯಾರೋ ಆಡಿದ ಮಾತು, ಎಲ್ಲವೂ ಸಾಲುಗಟ್ಟಿ ಬರುತ್ತವೆ. ಈಚೆಗೆ ಅಂಗಿಯ ಜೇಬಿನಲ್ಲಿರುವ ಮೊಬೈಲು ಆ ಸಾಲನ್ನು ಇನ್ನಷ್ಟು ಉದ್ದ ಮಾಡಿದೆ. ಆಗ ನಮಗೆ ಅನಿಸುವುದು ಇದು ನನಗೆ ಹೇಳಿದ್ದಲ್ಲ ಎಂದು. ಹಾಗೆ ಅನಿಸುವವರು ಆವಿಲದ ಸಂತ ತೆರೇಸಮ್ಮನವರ ಆತ್ಮಚರಿತ್ರೆಯನ್ನು ಓದಬೇಕು. 1970ರಲ್ಲಿ ಧರ್ಮಸಭೆಯ ಪಂಡಿತೆಯೆಂಬ ಗೌರವವನ್ನು ಪಡೆದ, ಪ್ರಾರ್ಥನೆಯ ಗುರುವೆಂದೇ ಪ್ರಸಿದ್ಧರಾದ ಆ ತಾಯಿ ತಮ್ಮ 18 ವರ್ಷಗಳ ಬರಡುತನವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಕೈಯಲ್ಲಿ ಪುಸ್ತಕವಿಲ್ಲದೆ ಧ್ಯಾನಕ್ಕೆ ಕೂರುವ ಧೈರ್ಯವೇ ಅವರಿಗೆ ಆಗ ಇರಲಿಲ್ಲ. ಎಷ್ಟೋ ದಿನ ಧ್ಯಾನಕ್ಕಿಂತ ಹೆಚ್ಚಾಗಿ, ಹೊತ್ತು ಯಾವಾಗ ಮುಗಿದೀತು, ಗಂಟೆ ಯಾವಾಗ ಹೊಡೆದೀತು ಎಂದೇ ಕಿವಿಗೊಟ್ಟು ಕುಳಿತಿದ್ದರಂತೆ. ನಮ್ಮ ಗಡಿಯಾರ ನೋಡುವ ಚಪಲಕ್ಕೆ ಇಷ್ಟು ದೊಡ್ಡ ಸಂತರ ಸಂಗ ದೊರೆಯಿತೆಂದರೆ ಅದು ಕಡಿಮೆಯ ಸಮಾಧಾನವಲ್ಲ.

ಪರಾಕಿಗೆ ಮದ್ದೇನು? ಮನಸ್ಸು ಹೋಯಿತೆಂದು ತಿಳಿದ ಕೂಡಲೇ ಅದರ ಮೇಲೆ ಸಿಟ್ಟಾಗದೆ ಮೃದುವಾಗಿ ಹಿಂದಕ್ಕೆ ಕರೆತರುವುದು. ಸಂತ ಫ್ರಾನ್ಸಿಸ್ ಸಾಲೆಸರ ಉಪದೇಶದ ಜೀವಾಳವೇ ಈ ಮೃದುತ್ವ. ತಪ್ಪು ಹೆಜ್ಜೆಯಿಡುವ ಮಗುವನ್ನು ತಾಯಿ ಹೊಡೆಯುವುದಿಲ್ಲ. ಕೈಹಿಡಿದು ಮತ್ತೆ ನಿಲ್ಲಿಸುತ್ತಾಳೆ. ಅರ್ಧ ತಾಸಿನಲ್ಲಿ ಮನಸ್ಸು ಐವತ್ತು ಸಲ ಓಡಿಹೋಗಿ ಐವತ್ತು ಸಲ ಮರಳಿ ಬಂದರೆ, ನಾವು ಐವತ್ತು ಸಲ ಸೋತೆವೆಂದು ಬಗೆಯುತ್ತೇವೆ. ಐವತ್ತು ಸಲ ದೇವರನ್ನೇ ಆರಿಸಿಕೊಂಡೆವೆಂದು ಏಕೆ ಬಗೆಯಬಾರದು? ಮರಳಿ ಬರುವುದೇ ಪ್ರಾರ್ಥನೆ. ಅಪವ್ಯಯ ಮಾಡಿ ಮನೆಗೆ ಹಿಂತಿರುಗಿದ ಮಗನ ಕಥೆಯಲ್ಲಿ ತಂದೆ ಓಡಿ ಬಂದು ಅಪ್ಪಿಕೊಂಡದ್ದು ಮರಳಿ ಬಂದವನನ್ನೇ.

ಎರಡನೆಯದು ನಿದ್ರೆ ಮತ್ತು ಬೇಸರ. ಲಿಸ್ಯೂವಿನ ಸಂತ ತೆರೇಸಮ್ಮನವರು 1888ರಲ್ಲಿ 15ರ ಹರೆಯದಲ್ಲಿ ಕಾರ್ಮೆಲ್ ಮಠವನ್ನು ಸೇರಿ, 1897ರಲ್ಲಿ 24ರ ಪ್ರಾಯದಲ್ಲಿ ತೀರಿಕೊಂಡರು. ಮಠದಲ್ಲಿದ್ದ ಈ ಅಲ್ಪಕಾಲದಲ್ಲಿ ಧ್ಯಾನದ ವೇಳೆ ತಾನು ಎಷ್ಟೋ ಸಲ ನಿದ್ರೆಹೋದುದನ್ನು ಅವರು ಬರೆದುಕೊಂಡಿದ್ದಾರೆ. ಅದಕ್ಕಾಗಿ ಹತಾಶರಾಗಲಿಲ್ಲ, ಮಲಗಿದ ಮಕ್ಕಳೂ ತಂದೆತಾಯಿಯರಿಗೆ ಎಚ್ಚರವಿರುವ ಮಕ್ಕಳಷ್ಟೇ ಪ್ರಿಯರಲ್ಲವೇ ಎಂಬುದು ಅವರ ಭಾವ. ಧ್ಯಾನದ ಹೊತ್ತಿನಲ್ಲಿ ಹಿಂದೆ ಕುಳಿತ ಸಹೋದರಿಯೊಬ್ಬರು ಒಂದೇ ಸಮನೆ ಮಾಡುತ್ತಿದ್ದ ಸಣ್ಣ ಸದ್ದಿನಿಂದ ಅವರಿಗೆ ಮೈ ಬೆವರುವಷ್ಟು ಕಿರಿಕಿರಿಯಾಗುತ್ತಿತ್ತಂತೆ. ತಿರುಗಿ ನೋಡಿ ಗದರಿಸುವ ಬದಲು ಆ ಸದ್ದನ್ನೇ ಸಂಗೀತವೆಂಬಂತೆ ಕೇಳಿ ಯೇಸುಸ್ವಾಮಿಗೆ ಅರ್ಪಿಸಲು ಅವರು ಕಲಿತರು. ದೇವಾಲಯದಲ್ಲಿ ಪಕ್ಕದವರ ಕೆಮ್ಮಿಗೂ ಮಕ್ಕಳ ಅಳುವಿಗೂ ಮುಖ ಸಿಂಡರಿಸುವ ನಮಗೆ ಇದೊಂದು ಪಾಠ.

ಬೇಸರವನ್ನು ನಾಲ್ಕನೆಯ ಶತಮಾನದಲ್ಲಿಯೇ ಮರುಭೂಮಿಯ ಸನ್ಯಾಸಿ ಎವಾಗ್ರಿಯಸರು ಬಹು ನಿಖರವಾಗಿ ವರ್ಣಿಸಿದ್ದಾರೆ. ಅವರು ಅದನ್ನು ನಡುಹಗಲಿನ ಪಿಶಾಚಿಯೆಂದು ಕರೆದರು. ಅದು ಬಂದಾಗ ಸೂರ್ಯ ನಿಂತಲ್ಲೇ ನಿಂತಂತೆ, ಒಂದು ದಿನ ಐವತ್ತು ತಾಸಿನದಾದಂತೆ ತೋರುತ್ತದೆ. ಸನ್ಯಾಸಿ ಪದೇ ಪದೇ ಕಿಟಕಿಯತ್ತ ನೋಡುತ್ತಾನೆ. ಈ ಸ್ಥಳ ಸರಿಯಿಲ್ಲ, ಬೇರೆಡೆಗೆ ಹೋದರೆ ಸಾಧನೆ ಸುಲಭವಾದೀತು ಎಂದು ಯೋಚಿಸುತ್ತಾನೆ. ಅದಕ್ಕೆ ಎವಾಗ್ರಿಯಸರು ಹೇಳುವ ಪರಿಹಾರ ಒಂದೇ: ಕೋಣೆಯನ್ನು ಬಿಟ್ಟು ಹೋಗಬೇಡ. ಇಂದು ಒಂದು ಪದ್ಧತಿ, ನಾಳೆ ಇನ್ನೊಂದು ಧ್ಯಾನಕೇಂದ್ರ, ನಾಡಿದ್ದು ಮತ್ತೊಬ್ಬ ಪ್ರಸಿದ್ಧ ಬೋಧಕರೆಂದು ಅಲೆಯುವ ನಮ್ಮ ಕಾಲಕ್ಕೂ ಆ ಮದ್ದು ಹಳತಾಗಿಲ್ಲ.

ಮೂರನೆಯದು ಇವೆರಡಕ್ಕಿಂತ ಆಳವಾದ ಕಷ್ಟ: ದೇವರೇ ಇಲ್ಲವೇನೋ ಎನಿಸುವ ಕತ್ತಲೆ. ಕಲ್ಕತ್ತೆಯ ಸಂತ ತೆರೇಸಮ್ಮನವರನ್ನು, ನಾವೆಲ್ಲ ಮದರ್ ತೆರೇಸಾ ಎಂದು ಕರೆದವರನ್ನು, ನಗುಮುಖವಿಲ್ಲದೆ ನೆನೆಯುವುದು ಕಷ್ಟ. ಅವರು 1997ರಲ್ಲಿ ತೀರಿಕೊಂಡ ಹತ್ತು ವರ್ಷಗಳ ಬಳಿಕ, 2007ರಲ್ಲಿ, ತಮ್ಮ ಆತ್ಮಗುರುಗಳಿಗೆ ಅವರು ಬರೆದಿದ್ದ ಪತ್ರಗಳು ಪ್ರಕಟವಾದಾಗ ಲೋಕ ಬೆರಗಾಯಿತು. ಸುಮಾರು 50 ವರ್ಷ, ಒಂದು ಚಿಕ್ಕ ಬಿಡುವಿನ ಹೊರತು, ಅವರಿಗೆ ಪ್ರಾರ್ಥನೆಯಲ್ಲಿ ದೇವರ ಸಾಮೀಪ್ಯದ ಅನುಭವವೇ ಆಗಿರಲಿಲ್ಲ. ಆದರೂ ಪ್ರತಿದಿನ ಪ್ರಾರ್ಥನಾಮಂದಿರದ ನೆಲದ ಮೇಲೆ ಕುಳಿತರು. ಎದ್ದು ಬೀದಿಯಲ್ಲಿ ಬಿದ್ದವರ ಬಳಿಗೆ ಹೋದರು. 2016ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಧ್ಯಾನದಲ್ಲಿ ಏನೂ ಅನಿಸದಿರುವುದು ಧ್ಯಾನ ವ್ಯರ್ಥವಾಯಿತೆಂಬುದಕ್ಕೆ ಗುರುತಲ್ಲವೆಂದು ಇದಕ್ಕಿಂತ ಸ್ಪಷ್ಟವಾಗಿ ಯಾರು ತೋರಿಸಬಲ್ಲರು?

ಇಂಥ ಕಾಲಕ್ಕೆ ಸಂತ ಇಗ್ನೇಷಿಯಸರು ಎರಡು ನಿಯಮಗಳನ್ನು ಕೊಟ್ಟಿದ್ದಾರೆ. ಒಂದು, ಮನಸ್ಸು ಬರಡಾದಾಗ ಹಿಂದೆ ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಿಸಬಾರದು. ಎರಡು, ಒಂದು ತಾಸು ಕೂರುವುದೆಂದು ಗೊತ್ತುಮಾಡಿಕೊಂಡವನು ಬೇಗ ಏಳಬೇಕೆಂಬ ಒತ್ತಡ ಬಂದಾಗ, ಬೇಕೆಂದೇ ತಾಸಿಗಿಂತ ಸ್ವಲ್ಪ ಹೆಚ್ಚು ಹೊತ್ತು ಕೂರಬೇಕು. ಎರಡನೆಯ ನಿಯಮ ನೋಡಲು ಚಿಕ್ಕದು. ಆದರೆ ಅದನ್ನು ಪಾಲಿಸಿದವನಿಗೆ ಅದರ ಬಲ ಗೊತ್ತು. ಐದು ನಿಮಿಷ ಮೊದಲೇ ಏಳುವವನು ಮರುದಿನ ಹತ್ತು ನಿಮಿಷ ಮೊದಲು ಏಳುತ್ತಾನೆ. ಹದಿನೈದನೆಯ ದಿನ ಕೂರುವುದೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಎಲ್ಲ ಕತ್ತಲೆಯೂ ಒಂದೇ ಬಗೆಯದಲ್ಲ. ಕಾರ್ಮೆಲ್ ಸಭೆಯ ಸಂತ ಯೊವಾನ್ನರು, ಶಿಲುಬೆಯ ಸಂತ ಜಾನ್ ಎಂದು ನಾವು ಕರೆಯುವವರು, ದೇವರಿಂದ ಬರುವ ಕತ್ತಲೆಯನ್ನು ವಿಷಣ್ಣತೆಯ ರೋಗದಿಂದಲೂ ಸ್ವಂತ ಸೋಮಾರಿತನದಿಂದಲೂ ಬೇರ್ಪಡಿಸಿ ನೋಡಬೇಕೆಂದು 16ನೆಯ ಶತಮಾನದಲ್ಲಿಯೇ ಹೇಳಿದರು. ದೇವರ ವಿಷಯದಲ್ಲಿಯೂ ಲೋಕದ ವಿಷಯದಲ್ಲಿಯೂ ರುಚಿಯಿಲ್ಲದಿರುವುದು, ಆದರೂ ದೇವರ ಸೇವೆಯಲ್ಲಿ ಹಿಂದೆ ಬೀಳುತ್ತಿದ್ದೇನೆಂಬ ವ್ಯಥೆ ಇರುವುದು, ಮೊದಲಿನಂತೆ ಕಲ್ಪಿಸಿಕೊಂಡು ಧ್ಯಾನಿಸಲು ಆಗದಿರುವುದು, ಈ ಮೂರೂ ಕೂಡಿಬಂದಾಗ ಅದು ದೇವರ ಕೆಲಸವೆಂದು ತಿಳಿಯಬಹುದೆಂಬುದು ಅವರ ಮತ. ಹಾಗೆಂದು ನಮಗೆ ನಾವೇ ತೀರ್ಪು ಕೊಟ್ಟುಕೊಳ್ಳುವುದು ಬೇಡ. ನಿದ್ರೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸುತ್ತಿದ್ದರೆ ವೈದ್ಯರನ್ನು ಕಾಣಬೇಕು. ಅದು ವಿಶ್ವಾಸದ ಕೊರತೆಯಲ್ಲ. ಧ್ಯಾನದ ದಾರಿಯಲ್ಲಿ ನಡೆಯುವ ಪ್ರತಿಯೊಬ್ಬರಿಗೂ ಮನಸ್ಸನ್ನು ತೆರೆದು ಹೇಳಿಕೊಳ್ಳಲು ಅನುಭವಿಯಾದ ಒಬ್ಬ ಗುರುವೋ ಸಹೋದರಿಯೋ ಇರಬೇಕು.

ನಾಲ್ಕನೆಯ ಕಷ್ಟವನ್ನು ಪುಸ್ತಕಗಳಿಂದ ಹೇಳುವುದಕ್ಕಿಂತ ನನ್ನ ಬದುಕಿನಿಂದಲೇ ಹೇಳುವುದು ಪ್ರಾಮಾಣಿಕವಾದೀತು. ನನಗೆ ಮೂವತ್ತೈದು ವರ್ಷವಾಗಿದ್ದಾಗ ಒಂದು ತಪಸ್ಸುಕಾಲದ ಧ್ಯಾನಕೂಟದ ಬಳಿಕ ನಾನು ದಿನವೂ ಬೆಳಗಿನ ಜಾವ ಅರ್ಧ ತಾಸು ಕೂರಲು ಆರಂಭಿಸಿದೆ. ಮೊದಲ ವರ್ಷ ಚೆನ್ನಾಗಿತ್ತು. ಎರಡನೆಯ ವರ್ಷ, ಮನಸ್ಸು ಸ್ವಲ್ಪ ತಿಳಿಯಾಗತೊಡಗಿದಾಗ, ಅದರ ತಳದಲ್ಲಿ ಒಂದು ಮುಖ ಕಾಣತೊಡಗಿತು. ಅದು ನನ್ನ ಒಡಹುಟ್ಟಿದ ಅಣ್ಣನ ಮುಖ. ತಂದೆಯ ಕಾಲಾನಂತರ ಹೊಲದ ಒಂದು ಬದುವಿನ ವಿಷಯದಲ್ಲಿ ನಮಗೆ ಮಾತು ಬಿಟ್ಟುಹೋಗಿತ್ತು. ಇದೇ ದೇವಾಲಯದಲ್ಲಿ ಅವನು ಬಲಗಡೆಯ ಬಾಗಿಲಿನಿಂದ ಬರುತ್ತಿದ್ದ. ನಾನು ಎಡಗಡೆಯ ಬಾಗಿಲಿನಿಂದ ಬರುತ್ತಿದ್ದೆ. ಸಮಾಧಾನ ಹಂಚಿಕೊಳ್ಳುವ ಹೊತ್ತಿನಲ್ಲಿ ನಾನು ಎದುರಿನ ಕಂಬದತ್ತ ನೋಡುತ್ತಿದ್ದೆ.

ಆ ಮುಖವನ್ನು ನಾನು ಪರಾಕೆಂದೇ ಭಾವಿಸಿದೆ. ಎಲ್ಲ ಪರಾಕುಗಳನ್ನೂ ತಳ್ಳುವಂತೆ ಅದನ್ನೂ ತಳ್ಳಿದೆ. ಅದು ಹೋಗಲಿಲ್ಲ. ಕೊನೆಗೆ ನಾನೇ ಧ್ಯಾನವನ್ನು ಬಿಟ್ಟೆ. ಶಾಲೆಯ ಕೆಲಸ ಹೆಚ್ಚಾಯಿತೆಂದು ಮನೆಯವರಿಗೆ ಹೇಳಿದೆ. ನನಗೆ ನಾನೂ ಹಾಗೆಯೇ ಹೇಳಿಕೊಂಡೆ. ಜಪಸರ ಬಿಡಲಿಲ್ಲ, ಭಾನುವಾರದ ಪೂಜೆ ಬಿಡಲಿಲ್ಲ, ನವೇನ ಬಿಡಲಿಲ್ಲ. ಬಿಟ್ಟದ್ದು ಮೌನವನ್ನು ಮಾತ್ರ. ಬಾಯಿ ಮಾತನಾಡುತ್ತಿರುವ ತನಕ ಅಣ್ಣನ ಮುಖ ಕಾಣಿಸುತ್ತಿರಲಿಲ್ಲ. ಹೀಗೆ ಆರು ವರ್ಷ ಕಳೆಯಿತು.

ಆವಿಲದ ತೆರೇಸಮ್ಮನವರೂ ಒಂದು ವರ್ಷಕ್ಕೂ ಹೆಚ್ಚು ಕಾಲ ಧ್ಯಾನವನ್ನು ಬಿಟ್ಟಿದ್ದರೆಂದು ನಾನು ಓದಿದ್ದು ಆ ಕಾಲದಲ್ಲಿ. ಇಷ್ಟು ಅಯೋಗ್ಯಳಾದ ನಾನು ದೇವರ ಮುಂದೆ ಹೇಗೆ ಕೂರಲಿ ಎಂಬ ಸುಳ್ಳು ವಿನಯ ತನ್ನನ್ನು ತಡೆಯಿತೆಂದು ಅವರು ಬರೆದಿದ್ದಾರೆ. ತಂದೆಯ ಮರಣದ ಅನಂತರ ದೊಮಿನಿಕನ್ ಸಭೆಯ ಗುರುಗಳೊಬ್ಬರು ಅವರನ್ನು ಮತ್ತೆ ಪ್ರಾರ್ಥನೆಗೆ ಹಚ್ಚಿದರು. ಧ್ಯಾನವನ್ನು ಬಿಟ್ಟದ್ದೇ ತನ್ನ ಬಾಳಿನ ಅತಿ ದೊಡ್ಡ ಅಪಾಯವಾಗಿತ್ತೆಂಬುದು ಅವರ ಅನುಭವ. ಅದನ್ನು ಓದಿದಾಗ ನನ್ನನ್ನು ತಡೆದದ್ದು ವಿನಯವೂ ಅಲ್ಲ, ಭಯವೆಂದು ತಿಳಿಯಿತು. ನಮ್ಮ ತಾಯಿಯ ವರ್ಷದ ಪೂಜೆಯ ಮುನ್ನಾದಿನ ಪಾಪನಿವೇದನೆಗೆ ಹೋದೆ. ಬಂದಿದ್ದ ವೃದ್ಧ ಗುರುಗಳಿಗೆ ಎಲ್ಲವನ್ನೂ ಹೇಳಿದೆ. ಅವರು ಹೆಚ್ಚು ಮಾತನಾಡಲಿಲ್ಲ. “ಅದು ಪರಾಕಲ್ಲಪ್ಪಾ, ನೀನು ಎರಡು ವರ್ಷ ಬೇಡಿದ್ದಕ್ಕೆ ದೇವರು ಕೊಟ್ಟ ಉತ್ತರ. ಉತ್ತರ ಕೇಳಿಸಿದ ಮೇಲೆ ನೀನು ಎದ್ದುಹೋದೆ” ಎಂದರು.

ಮರುದಿನ ಪೂಜೆ ಮುಗಿದ ಮೇಲೆ ನಾನು ಅಣ್ಣನ ಮನೆಗೆ ಹೋದೆ. ಹೊಸ್ತಿಲಿನ ಹೊರಗೆ ಬಹಳ ಹೊತ್ತು ನಿಂತೆನೆಂದು ತೋರುತ್ತದೆ. ಅವನು ಹೊರಗೆ ಬಂದು ನೋಡಿ, “ಬಿಸಿಲಲ್ಲಿ ಏಕೆ ನಿಂತಿದ್ದೀಯ? ಒಳಗೆ ಬಾ” ಎಂದ. ಅತ್ತಿಗೆ ಕಾಫಿ ತಂದರು. ಬದುವಿನ ಮಾತನ್ನು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಆ ಬದು ಇಂದಿಗೂ ಇದ್ದ ಕಡೆಯೇ ಇದೆ. ಅನಂತರ ಅಣ್ಣ ನಾಲ್ಕು ವರ್ಷ ಬದುಕಿದ್ದ. ಆ ನಾಲ್ಕು ವರ್ಷಗಳಿಗಾಗಿ ದೇವರಿಗೆ ವಂದನೆ ಸಲ್ಲಿಸುತ್ತೇನೆ. ಅದಕ್ಕಿಂತ ಹಿಂದಿನ ಆರು ವರ್ಷಗಳನ್ನು ಯಾರೂ ನನಗೆ ಹಿಂದಕ್ಕೆ ಕೊಡಲಾರರು.

ಇದನ್ನು ಹೇಳಿದ್ದು ನನ್ನ ಕಥೆ ದೊಡ್ಡದೆಂದಲ್ಲ. ಧ್ಯಾನದ ನಿಜವಾದ ಕಷ್ಟ ಎಲ್ಲಿದೆ ಎಂದು ತೋರಿಸುವುದಕ್ಕಾಗಿ. ಬೆನ್ನುನೋವು, ನಿದ್ರೆ, ಬೇಸರ ಇವೆಲ್ಲ ಹೊರಬಾಗಿಲಿನ ಕಷ್ಟಗಳು. ಒಳಮನೆಯ ಕಷ್ಟವೆಂದರೆ, ಮೌನದಲ್ಲಿ ದೇವರು ಮಾತನಾಡಿಯೇ ಬಿಡುತ್ತಾನೆ, ಮತ್ತು ಆತನು ಹೇಳುವ ಮಾತು ಸಾಮಾನ್ಯವಾಗಿ ನಾವು ಕೇಳಲು ಬಯಸುವ ಮಾತಾಗಿರುವುದಿಲ್ಲ. ಬಲಿಪೀಠದ ಬಳಿ ಕಾಣಿಕೆಯನ್ನು ತಂದವನಿಗೆ ಸಹೋದರನ ಮನಸ್ತಾಪ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂದು ಯೇಸುಸ್ವಾಮಿ ಪರ್ವತ ಪ್ರಸಂಗದಲ್ಲಿ ಹೇಳಿದರು. ಆ ನೆನಪು ಬರುವುದು ಎಲ್ಲಿ ಎಂಬುದನ್ನು ಗಮನಿಸಿರಿ. ಅದು ಜಗಳದ ಹೊಲದಲ್ಲಿ ಬರುವುದಿಲ್ಲ, ಬಲಿಪೀಠದ ಮುಂದೆ ಬರುತ್ತದೆ.

ಇನ್ನು ಫಲದ ಮಾತು. ಧ್ಯಾನಕ್ಕೆ ಕೂರುವ ನಮಗೆ ಸಿಹಿಯಾದ ಅನುಭವ, ಕಣ್ಣೀರು, ಬೆಳಕು ಬೇಕೆನಿಸುತ್ತದೆ. ದೇವರು ಅದನ್ನು ಕೊಟ್ಟರೆ ಕೃತಜ್ಞತೆಯಿಂದ ಸ್ವೀಕರಿಸಬೇಕು. ಆದರೆ ಅದನ್ನು ಅಳತೆಗೋಲು ಮಾಡಿಕೊಳ್ಳಬಾರದು. ಧ್ಯಾನದ ಫಲ ಧ್ಯಾನದ ಅರ್ಧ ತಾಸಿನಲ್ಲಿ ಕಾಣುವುದಿಲ್ಲ. ಉಳಿದ ಇಪ್ಪತ್ತಮೂರೂವರೆ ತಾಸಿನಲ್ಲಿ ಕಾಣುತ್ತದೆ. ಸಂತ ಪೌಲರು ಪವಿತ್ರಾತ್ಮರ ವರಫಲಗಳೆಂದು ಪಟ್ಟಿಮಾಡಿರುವುದು ಪ್ರೀತಿ, ಆನಂದ, ಶಾಂತಿ, ತಾಳ್ಮೆ, ದಯೆ ಮುಂತಾದವನ್ನೇ ಹೊರತು ದರ್ಶನಗಳನ್ನಲ್ಲ. ಅವೆಲ್ಲ ಇನ್ನೊಬ್ಬರ ಜೊತೆಯಲ್ಲಿ ಬದುಕುವಾಗ ಮಾತ್ರ ಹೊರಬರುವ ಗುಣಗಳು. ಧ್ಯಾನ ಮಾಡುವವನಿಗೆ ತನ್ನ ಧ್ಯಾನ ಹೇಗೆ ಸಾಗುತ್ತಿದೆಯೆಂದು ತಿಳಿಯಬೇಕಾದರೆ ಅವನು ತನ್ನನ್ನು ಕೇಳಿಕೊಳ್ಳಬೇಕಾಗಿಲ್ಲ, ಮನೆಯಾಕೆಯನ್ನು ಕೇಳಬೇಕು.

ಆವಿಲದ ತೆರೇಸಮ್ಮನವರು ಆತ್ಮವನ್ನು ತೋಟಕ್ಕೆ ಹೋಲಿಸಿ, ಅದಕ್ಕೆ ನೀರುಣಿಸುವ ನಾಲ್ಕು ಬಗೆಗಳನ್ನು ಹೇಳಿದ್ದಾರೆ. ಮೊದಲನೆಯದು ಬಾವಿಯಿಂದ ನೀರನ್ನು ಸೇದಿ ಹೊಯ್ಯುವುದು. ತೋಳು ಸೋಲುವ ಕೆಲಸ. ಎರಡನೆಯದು ನೀರೆತ್ತುವ ಚಕ್ರದಿಂದ. ನಮ್ಮ ಹಿರಿಯರು ಎತ್ತು ಕಟ್ಟಿ ಹೊಡೆಯುತ್ತಿದ್ದ ಕಪಿಲೆಯನ್ನು ನೆನೆದರೆ ಅದರ ಅನುಕೂಲ ತಿಳಿಯುತ್ತದೆ. ಮೂರನೆಯದು ಹೊಳೆಯಿಂದ ಹರಿದು ಬರುವ ಕಾಲುವೆ. ನಾಲ್ಕನೆಯದು ಮಳೆ, ಅಲ್ಲಿ ತೋಟಗಾರನ ದುಡಿಮೆ ಏನೂ ಇಲ್ಲ, ಎಲ್ಲವೂ ದೇವರದೇ. ನಮ್ಮಂಥವರು ಬಹುಪಾಲು ಬಾವಿಯ ದಂಡೆಯಲ್ಲಿಯೇ ಬಾಳನ್ನು ಕಳೆಯುತ್ತೇವೆ. ಅದರಿಂದ ನಾಚಬೇಕಾಗಿಲ್ಲ. ಏಕೆಂದರೆ ಆ ತಾಯಿ ಅಲ್ಲಿಯೇ ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ಬಾವಿಯೇ ಬತ್ತಿಹೋದ ದಿನವೂ ತೋಟಗಾರನು ತನ್ನಿಂದಾದುದನ್ನು ಮಾಡಿದರೆ, ತೋಟದ ಒಡೆಯನಾದ ಸ್ವಾಮಿಯು ನೀರಿಲ್ಲದೆಯೇ ಗಿಡಗಳನ್ನು ಉಳಿಸಿ ಹೂಗಳನ್ನು ಬೆಳೆಸುತ್ತಾನೆ.

ಮಳೆ ಕಾಣದ ವರ್ಷಗಳನ್ನು ಕಂಡ ನಮ್ಮ ರೈತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗ್ಗ ಇಳಿಸುವುದು ನಮ್ಮ ಪಾಲು. ನೀರು ಕೊಡುವುದು ಆತನ ಪಾಲು. ಖಾಲಿ ಬಿಂದಿಗೆ ಮೇಲೆ ಬಂದ ದಿನವೂ ಹಗ್ಗ ಇಳಿಸಿದ ಕೈ ಹೆಚ್ಚು ಬಲಿಷ್ಠವಾಗಿಯೇ ಇರುತ್ತದೆ. ಅದೇ ಸಂತರು 1577ರಲ್ಲಿ ಬರೆದ ಅಂತರಂಗದ ಕೋಟೆಯೆಂಬ ಗ್ರಂಥದ ಕೊನೆಯಲ್ಲಿ, ಪ್ರಾರ್ಥನೆಯ ಅತ್ಯುನ್ನತ ನೆಲೆಯನ್ನು ವಿವರಿಸುವಾಗ, ಮಾರ್ತಳೂ ಮರಿಯಳೂ ಕೂಡಿಯೇ ಇರಬೇಕೆನ್ನುತ್ತಾರೆ. ಪಾದದ ಬಳಿ ಕುಳಿತವಳು ಎದ್ದು ಅಡಿಗೆಮನೆಗೂ ಹೋಗದಿದ್ದರೆ ಸ್ವಾಮಿಗೆ ಊಟ ಬಡಿಸುವವರು ಯಾರು? ಧ್ಯಾನವು ಸತ್ಕಾರ್ಯದಲ್ಲಿ ಹುಟ್ಟಬೇಕು. ಹುಟ್ಟದಿದ್ದರೆ ಅದು ಧ್ಯಾನವಾಗಿರಲಿಲ್ಲ.

ಪ್ರಿಯರೇ, ಶತಮಾನೋತ್ಸವದ ನೆನಪಿಗಾಗಿ ನಾವು ಬಣ್ಣ ಬಳಿದಿದ್ದೇವೆ, ಹೊಸ ದೀಪಗಳನ್ನು ಹಾಕಿಸಿದ್ದೇವೆ. ಅದೆಲ್ಲ ಒಳ್ಳೆಯದೇ. ಅದರೊಡನೆ ಹಣ ಬೇಡದ ಇನ್ನೊಂದು ಕಾಣಿಕೆಯನ್ನು ನಾನು ನಿಮ್ಮಲ್ಲಿ ಬೇಡುತ್ತೇನೆ. ಪ್ರತಿ ಕುಟುಂಬದಲ್ಲಿ ಒಬ್ಬರಾದರೂ ದಿನಕ್ಕೆ ಹದಿನೈದು ನಿಮಿಷ ದೇವರ ಮುಂದೆ ಮೌನವಾಗಿ ಕೂರಲಿ. ಒಂದು ತಾಸಿನ ಪ್ರತಿಜ್ಞೆ ಮಾಡಿ ವಾರದಲ್ಲಿ ಬಿಡುವುದಕ್ಕಿಂತ ಹದಿನೈದು ನಿಮಿಷ ಕೂತು ವರ್ಷವಿಡೀ ಬಿಡದಿರುವುದು ಮೇಲು. ಪರಾಕು ಬಂದರೆ ಮರಳಿ ಬನ್ನಿರಿ. ನಿದ್ರೆ ಬಂದರೆ ಮುಖ ತೊಳೆದು ಬನ್ನಿರಿ. ಬರಡಾದರೆ ಎರಡು ನಿಮಿಷ ಹೆಚ್ಚು ಕೂರಿರಿ. ಯಾರದಾದರೂ ಮುಖ ಮತ್ತೆ ಮತ್ತೆ ಕಣ್ಣ ಮುಂದೆ ಬಂದರೆ ಮಾತ್ರ ಅದನ್ನು ತಳ್ಳಬೇಡಿರಿ. ಎದ್ದು, ಅವರ ಮನೆಯ ದಾರಿ ಹಿಡಿಯಿರಿ. ಆರು ವರ್ಷ ಕಾಯಬೇಡಿರಿ.

ನಮ್ಮ ಮುಂದಿನ ತಲೆಮಾರಿನವರು ಇದೇ ದೇವಾಲಯದ ಇನ್ನೊಂದು ಶತಮಾನವನ್ನು ಆಚರಿಸುವಾಗ ನಮ್ಮ ಹೆಸರುಗಳು ದಫ್ತರದಲ್ಲಿ ಮಾತ್ರ ಉಳಿದಿರುತ್ತವೆ. ನಾವು ಕುಳಿತ ಮೌನ ಅಲ್ಲಿ ಬರೆದಿರುವುದಿಲ್ಲ. ಆದರೆ ಅದರಿಂದ ಕೂಡಿಬಂದ ಮನೆಗಳು, ಮರಳಿ ಮಾತನಾಡಿದ ಒಡಹುಟ್ಟಿದವರು, ತಾಳ್ಮೆಯಿಂದ ಬೆಳೆಸಿದ ಮಕ್ಕಳು ಇಲ್ಲಿ ಇದ್ದೇ ಇರುತ್ತಾರೆ. ನಮ್ಮ ಹೃದಯದ ಬಾವಿಯನ್ನು ಬಲ್ಲ ಪ್ರಭುವು, ಬಿಂದಿಗೆ ತುಂಬಿ ಬಂದ ದಿನವೂ ಬರಿದಾಗಿ ಬಂದ ದಿನವೂ ಹಗ್ಗವನ್ನು ಬಿಡದಿರುವ ಕೃಪೆಯನ್ನು ನಮ್ಮೆಲ್ಲರಿಗೂ ದಯಪಾಲಿಸಲಿ ಎಂದು ಬೇಡುತ್ತೇನೆ.